ಇಸವಿ ಮುಚ್ಚಿದ ಚೀಟಿ

ನನಗೆ ಕೋಪ ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಅತ್ತಿಗೆಗೆ ಬಂದರೆ ಮನೆಯವರಿಗೂ ತಿಳಿಯುವುದಿಲ್ಲ. ಇಬ್ಬರೂ ಒಂದೇ ಆಫೀಸಿನಲ್ಲಿದ್ದೇವೆ. ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ, ವ್ಯಾಪಾರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ನನ್ನದು ಫೋನು ಎತ್ತುವ ಕೆಲಸ. ನನ್ನ ಮೇಜಿನಿಂದ ಗಾಜಿನಾಚೆ ಎಲ್ಲರೂ ಕಾಣುತ್ತಾರೆ.

ಅತ್ತಿಗೆ ಮೊದಲು ಡೇಟಾ ಎಂಟ್ರಿಯಲ್ಲಿದ್ದರು. ಯಾರದೋ ಸಾಮಾನಿನ ಹೆಸರು ಟೈಪ್ ಮಾಡಿ ಮಾಡಿ ಸಾಕಾಗಿತ್ತು. ಪ್ರೋಗ್ರಾಮರುಗಳ ಕೋಣೆಯಲ್ಲಿ ಒಂದು ಜಾಗ ಖಾಲಿ ಬಿದ್ದಾಗ ಆಸೆಯಾಯಿತು. ಅದಕ್ಕೆ ಅಲ್ಲಿ ಬಳಸುವ ಫ್ರೇಮ್‌ವರ್ಕ್ ಕಲಿಯಬೇಕಿತ್ತು. ವೆಬ್ ಪುಟ ಕಟ್ಟಲು ಯಾರೋ ಮೊದಲೇ ಮಾಡಿಟ್ಟ ಚೌಕಟ್ಟು ಅದು. ರೀತಿನೀತಿ ತಿಳಿದರೆ ಅರ್ಧ ಕೆಲಸ ಆದ ಹಾಗೆ. ಯಾವ ಪುಸ್ತಕ ಓದಲಿ ಎಂದು ಮೇಷ್ಟ್ರನ್ನು ಕೇಳಿದರು. ಅವರು ನಮ್ಮ ಹಿರಿಯ ಪ್ರೋಗ್ರಾಮರ್. ಹಿಂದೆಲ್ಲೋ ಪಾಠ ಹೇಳುತ್ತಿದ್ದರಂತೆ, ಆ ಹೆಸರೇ ಉಳಿದಿತ್ತು.

"ಇದೊಂದು ಓದಮ್ಮ, ಬೇರೆ ಏನೂ ಬೇಡ," ಎಂದು ಮೇಷ್ಟ್ರು ಇಟ್ಟಿಗೆಯಷ್ಟು ದಪ್ಪದ್ದೊಂದನ್ನು ಕಪಾಟಿನಿಂದ ತೆಗೆದುಕೊಟ್ಟರು.

ಅತ್ತಿಗೆ ಓದಿದ್ದೇ ಓದಿದ್ದು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನಮ್ಮಣ್ಣ ಗೊಣಗುತ್ತ ಒರೆಸುತ್ತಿದ್ದ. ಮನೆಯಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ಆಫೀಸಿನದನ್ನು ಕೇಳಿದರೆ ಮೇಷ್ಟ್ರು, "ಮೊದ್ಲು ಓದಿ ಮುಗ್ಸು," ಎನ್ನುತ್ತಿದ್ದರು. ಕೊನೆಗೆ ಮಾಲೀಕರೆದುರು ಪುಟ ಕಟ್ಟಿ ತೋರಿಸುವ ದಿನ ಬಂತು. ಅತ್ತಿಗೆ ಪುಸ್ತಕದಲ್ಲಿದ್ದಂತೆಯೇ ಬರೆದರು. ಪರದೆ ತುಂಬ ತಪ್ಪು ತೋರಿಸುವ ಕೆಂಪಕ್ಷರ.

"ನಿನಗೆ ಟೈಪಿಂಗೇ ಸರಿ ಕಣಮ್ಮ," ಎಂದು ಮೇಷ್ಟ್ರು ನಕ್ಕರು. ಆ ಜಾಗ ಅವರ ಭಾವಮೈದುನನ ಪಾಲಾಯಿತು.

ಸಂಜೆ ಮನೆಯಲ್ಲಿ ಅತ್ತಿಗೆ ಪುಸ್ತಕದ ಮೊದಲ ಹಾಳೆ ತಿರುವಿದರು. ಇಸವಿ ಇರಬೇಕಾದ ಕಡೆ ಒಂದು ಚೀಟಿ, ಮೇಷ್ಟ್ರ ಕೈಬರಹದಲ್ಲಿ "ಆಫೀಸಿನ ಪ್ರತಿ" ಎಂದಿತ್ತು. ಒದ್ದೆ ಬಟ್ಟೆ ಒತ್ತಿ ಅದನ್ನು ಮೆಲ್ಲಗೆ ಎಬ್ಬಿಸಿದರು. ಕೆಳಗಿದ್ದ ಇಸವಿ ನೋಡಿ ನನ್ನ ಮೈಯೆಲ್ಲ ಉರಿಯಿತು. ಪುಸ್ತಕ ಓಬೀರಾಯನ ಕಾಲದ್ದು. ಫ್ರೇಮ್‌ವರ್ಕ್ ಅಲ್ಲಿಂದೀಚೆಗೆ ಗುರುತು ಸಿಗದಷ್ಟು ಬದಲಾಗಿತ್ತು. ಮನೆಹಾಳ, ಬೇಕೆಂದೇ ಕೊಟ್ಟಿದ್ದ.

"ನಡೀರಿ ಅತ್ತಿಗೆ, ಇದನ್ನ ಅವನ ಮುಖದ ಮೇಲೆ ಎಸೆದು ಬರೋಣ," ಎಂದೆ.

"ಸುಮ್ನಿರೇ. ಎಸೆದ್ರೆ ಎತ್ತಿಟ್ಕೊಂಡು ಇನ್ನೊಂದ್ಸಲ ನಗ್ತಾರೆ," ಎಂದ ಅತ್ತಿಗೆ ಚೀಟಿಯನ್ನು ಒಣಗಿಸಿ ಕನ್ನಡಕದ ಡಬ್ಬಿಯಲ್ಲಿಟ್ಟರು.

ಅಂದಿನಿಂದ ಪುಸ್ತಕದಂಗಡಿಯವನ ತಲೆ ತಿನ್ನುವುದು ಅವರ ಅಭ್ಯಾಸವಾಯಿತು. ಮೊದಲು ಇಸವಿ ನೋಡುವರು. ಆಮೇಲೆ ತಾವು ಎಡವಿದ ವಿಷಯ ಹಿಂಬದಿಯ ಪದಸೂಚಿಯಲ್ಲಿದೆಯೇ ಎಂದು ಹುಡುಕುವರು. ನಿಂತಲ್ಲೇ ಒಂದು ಉದಾಹರಣೆ ಪೂರ್ತಿ ಓದಿ, ಅರ್ಥವಾಗದಿದ್ದರೆ ವಾಪಸ್ ಇಡುವರು. ಹಳೆಯ ಕಂಪ್ಯೂಟರೊಂದನ್ನು ಕೊಂಡು ಕಲಿತರು, ಇನ್ನೊಂದು ಜಾಗ ಖಾಲಿಯಾದಾಗ ಒಳಗೆ ಹೋಗಿಯೇಬಿಟ್ಟರು. ಮೇಷ್ಟ್ರ ಎದುರು ಮೇಜಿನಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದರು. ಚೀಟಿ ಡಬ್ಬಿಯಲ್ಲೇ ಇತ್ತು.

ಈ ವರ್ಷ ಮಾಲೀಕರು ಫ್ರೇಮ್‌ವರ್ಕನ್ನೇ ಬದಲಿಸಿದರು. ಹೊಸದರಲ್ಲಿ ಚೆನ್ನಾಗಿ ಮಾಡಿ ತೋರಿಸಿದವರಿಗೆ ತಂಡದ ಮುಖ್ಯಸ್ಥರ ಕುರ್ಚಿ. ಕಣದಲ್ಲಿದ್ದವರು ಮೇಷ್ಟ್ರು ಮತ್ತು ಅತ್ತಿಗೆ ಇಬ್ಬರೇ. ಮೇಷ್ಟ್ರು ನಾಚಿಕೆ ಬಿಟ್ಟು ನಮ್ಮ ಮನೆಗೇ ಬಂದರು.

"ಪುಸ್ತಕ ಆರ್ಸೋದ್ರಲ್ಲಿ ನಿನ್ನ ಬಿಟ್ರಿಲ್ಲಮ್ಮ. ಒಂದು ಒಳ್ಳೇದು ಕೊಡು."

ಹಳೇದೊಂದು ಕೊಟ್ಟು ನೀರು ಕುಡಿಸಿ ಎಂದು ನಾನು ಅಡುಗೆಮನೆಯಿಂದ ಸನ್ನೆ ಮಾಡಿದೆ. ಅತ್ತಿಗೆ ಒಳಗೆ ಹೋಗಿ, ತಾವೇ ಓದುತ್ತಿದ್ದ, ಕಂದು ಕಾಗದದ ಹೊದಿಕೆ ಹಾಕಿದ್ದ ಹೊಸ ಪುಸ್ತಕವನ್ನೇ ತಂದುಕೊಟ್ಟರು.

"ಇದೊಂದು ಓದಿ ಮೇಷ್ಟ್ರೇ, ಬೇರೆ ಏನೂ ಬೇಡ."

ಮೊದಲ ಹಾಳೆ ತಿರುವಿದ ಮೇಷ್ಟ್ರು ಅದರ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಪುಸ್ತಕ ಮುಚ್ಚಿಕೊಂಡು ಹೊರಟರು. ನಾನು ಜಗಳಕ್ಕೇ ನಿಂತೆ.

"ತಲೆ ಕೆಟ್ಟಿದ್ಯಾ ನಿಮ್ಗೆ? ಓದೋ ಪುಸ್ತಕಾನೇ ಅವ್ನ ಕೈಗೆ ಕೊಟ್ರಲ್ಲ."

"ಅವರು ಓದಲ್ಲ ಬಿಡು," ಎಂದರು ಅತ್ತಿಗೆ.

ಮರುದಿನವೇ ಪುಸ್ತಕ ವಾಪಸ್ ಬಂತು. ಮೇಷ್ಟ್ರು ಭಾವಮೈದುನನನ್ನು ಕೇಳಿದರಂತೆ, ಅವನು ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪ ಕಂಡದ್ದನ್ನು ತಂದುಕೊಟ್ಟನಂತೆ. ನಮ್ಮವನು ತಂದದ್ದೆಂದು ಮೇಷ್ಟ್ರು ಇಸವಿ ನೋಡಲಿಲ್ಲ. ಅದೂ ಹಳೆಯದೇ, ಉದಾಹರಣೆಗಳು ಒಂದೂ ಓಡುತ್ತಿರಲಿಲ್ಲ. ತಪ್ಪು ತಮ್ಮದೇ ಎಂದುಕೊಂಡು ತಿದ್ದಿ ತಿದ್ದಿ ಬೆವರುವುದನ್ನು ಗಾಜಿನಾಚೆಯಿಂದ ನೋಡುತ್ತ ನಾನು ಹೊಟ್ಟೆ ತಣ್ಣಗೆ ಮಾಡಿಕೊಂಡೆ.

ಪರೀಕ್ಷೆಯ ದಿನ ಅತ್ತಿಗೆಯ ಪುಟ ಮೊದಲ ಸಲಕ್ಕೇ ತೆರೆದುಕೊಂಡಿತು. ಮೇಷ್ಟ್ರ ಪರದೆ ತುಂಬ ಕೆಂಪು.

"ಇವಳು ನನಗೆ ಹಳೇ ಪುಸ್ತಕ ಕೊಟ್ಟು ಮೋಸ ಮಾಡೋಕೆ ನೋಡಿದ್ಲು ಸರ್," ಎಂದು ಮೇಷ್ಟ್ರು ಮಾಲೀಕರೆದುರು ಕೂಗಾಡಿದರು. "ಇಸವಿ ಮೇಲೆ ಚೀಟಿ ಅಂಟ್ಸಿದಾಳೆ."

ಅತ್ತಿಗೆ ಚೀಲದಿಂದ ಕಂದು ಹೊದಿಕೆಯ ಆ ಪುಸ್ತಕ ತೆಗೆದು ಮಾಲೀಕರ ಮುಂದೆ ಬಿಡಿಸಿಟ್ಟರು. ಮಾಲೀಕರು ಚೀಟಿ ನೋಡಿದರು, ಮೇಷ್ಟ್ರನ್ನು ನೋಡಿದರು.

"ಇದು ನಿಮ್ಮ ಕೈಬರಹ ಅಲ್ವೇನ್ರೀ?" ಎಂದು ಕೇಳಿದರು. ಚೀಟಿಯನ್ನು ಉಗುರಿನಿಂದ ಎಬ್ಬಿಸಿದರು. ಕೆಳಗೆ ಈ ವರ್ಷದ ಇಸವಿ ಇತ್ತು.

"ನಾನು ಕೊಟ್ಟಿದ್ದು ಸರಿಯಾದ ಪುಸ್ತಕಾನೇ," ಎಂದರು ಅತ್ತಿಗೆ. "ಈ ಚೀಟಿ ಮೊದ್ಲು ಯಾವ ಪುಸ್ತಕದ ಮೇಲಿತ್ತು ಅಂತ ಸರ್‌ಗೆ ನೀವೇ ಹೇಳಿ ಮೇಷ್ಟ್ರೇ."

ನನ್ನ ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿತ್ತು. ನಾನು ಎತ್ತಲಿಲ್ಲ, ಆ ಉತ್ತರ ನನಗೆ ಕೇಳಿಸಬೇಕಿತ್ತು.