ನಮಗೆ ಇಗರ್ಜಿ ತೋರಿಸಿದ ಮೇಷ್ಟ್ರು

ಇಂಗ್ಲಿಷ್ ಓದುವಾಗ ನಮ್ಮ ಮೇಷ್ಟ್ರ ಗಂಟಲಮಣಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಉದ್ದ ಕತ್ತು, ಮೂಳೆ ಎದ್ದ ಮುಖ. ಎಂಥ ಬೇಸಿಗೆಯಲ್ಲೂ ಕೋಟಿನ ಗುಂಡಿ ಬಿಚ್ಚಿದವರಲ್ಲ. ಕಣೇಕಲ್ಲಿನ ಕಡೆಯ ಕುರಿಗಾರರ ಮನೆಯವರು. ರಾಯದುರ್ಗದ ನಮ್ಮ ಶಾಲೆಯಲ್ಲಿ ದೊಡ್ಡ ತರಗತಿಗೆ ಇಂಗ್ಲಿಷ್ ಹೇಳುತ್ತಿದ್ದರು. ಆ ಭಾಷೆಯನ್ನು ಪುಸ್ತಕ ನೋಡಿಯೇ ಕಲಿತವರು. ಬಿಳಿಯರ ಬಾಯಿಂದ ಕೇಳಿದವರಲ್ಲ. ಬರೆದ ಅಕ್ಷರವನ್ನೆಲ್ಲ ಉಚ್ಚರಿಸಲೇಬೇಕು ಎಂಬುದು ಅವರ ಕಾನೂನು.

"ಅಕ್ಷರ ಯಾಕ ನುಂಗ್ತೀಯಲೇ? ಮನ್ಯಾಗ ಕೂಳು ಹಾಕಿಲ್ಲೇನು?" ಎನ್ನುತ್ತ ಬೆತ್ತ ಎತ್ತುತ್ತಿದ್ದರು.

ನನ್ನ ಪಕ್ಕ ಕೂರುತ್ತಿದ್ದವನ ತಂದೆ ಬಳ್ಳಾರಿಯ ದಂಡಿನಲ್ಲಿ ಬಿಳಿ ದೊರೆಯೊಬ್ಬರ ಮನೆಯ ಅಡಿಗೆಯಾಳು. ಅಲ್ಲಿಯ ದೊರೆಸಾನಿ ತೀರಿಹೋದ ತನ್ನ ಮಗುವಿನ ಗೋರಿಗೆ ಹೂವಿಡಲು ಹೋಗುವಾಗ ಇವನೂ ಬುಟ್ಟಿ ಹೊತ್ತು ಹೋಗಿದ್ದನಂತೆ. ಗೋರಿಗೆ ಆಕೆ 'ಟೂಮ್' ಎನ್ನುವುದನ್ನು ಕೇಳಿದ್ದ. ಪಾಠದಲ್ಲಿ ಆ ಪದ ಬಂದಾಗ ಹಾಗೆಯೇ ಓದಿದ.

"ಟೊಂಬ್ ಅನ್ನು," ಎಂದರು ಮೇಷ್ಟ್ರು.

"ದೊರೆಸಾನೇರು ಟೂಮ್ ಅಂತಾರ್ರಿ ಸಾರ್."

ಗೆಣ್ಣಿನ ಮೇಲೆ ಹೊಡೆದರು. ಅವನು ಟೊಂಬ್ ಎನ್ನುವವರೆಗೂ ಬಿಡಲಿಲ್ಲ. ಅವನ ಕಿರುಬೆರಳು ಆಮೇಲೆ ನೆಟ್ಟಗಾಗಲೇ ಇಲ್ಲ.

ಆ ವರ್ಷ ಮೇಷ್ಟ್ರೇ ಹಟ ಹಿಡಿದು ನಮ್ಮನ್ನು ಮದರಾಸಿಗೆ ಕರೆದೊಯ್ದರು. ಸಮುದ್ರದ ಹತ್ತಿರ ಕ್ರೈಸ್ತರ ಹೆಸರುವಾಸಿಯಾದ ಹಳೆಯ ಇಗರ್ಜಿಯೊಂದಿತ್ತು; ಸಂತರೊಬ್ಬರ ಗೋರಿಯ ಮೇಲೆ ಕಟ್ಟಿದ್ದು. ಬಂದವರಿಗೆ ತೋರಿಸಲು ಕರಿ ಕೋಟಿನ ಮುದುಕನೊಬ್ಬನಿದ್ದ. ನಮ್ಮ ಜೊತೆ ಕೆಲವು ಬಿಳಿ ಹೆಂಗಸರೂ ಸೇರಿಕೊಂಡರು. ಮುದುಕ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳುತ್ತ ಮುಂದೆ ನಡೆದ. ಮೇಷ್ಟ್ರು ಅದನ್ನು ಕನ್ನಡಕ್ಕೆ ತಿರುಗಿಸುತ್ತ ಹಿಂದೆ ನಡೆದರು. ಬಣ್ಣದ ಗಾಜುಗಳ ಬೆಳಕು ಅವರ ಕೋಟಿನ ಮೇಲೆ ಬಿದ್ದಿತ್ತು. ಅಷ್ಟು ಸಂತೋಷವಾಗಿದ್ದ ಅವರನ್ನು ನಾನು ಹಿಂದೆ ಕಂಡಿರಲಿಲ್ಲ.

ಆ ಸಂತೋಷದಲ್ಲೇ ಅವರು ಒಂದು ಪ್ರಶ್ನೆ ಕೇಳಿದರು. 'ಟೊಂಬ್' ಎಲ್ಲಿದೆ ಎಂದು.

ಮುದುಕ ನಿಂತ. ಅರ್ಥವಾಗದವನಂತೆ ಕಿವಿಗೆ ಕೈ ಹಚ್ಚಿ ಮತ್ತೊಮ್ಮೆ ಹೇಳಿಸಿದ, ಮಗುದೊಮ್ಮೆ ಹೇಳಿಸಿದ. ಹೆಂಗಸರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಅವನು ನಮ್ಮ ಕಡೆ ಕೈ ತೋರಿಸಿ ಏನೋ ಅಂದ. ಹೆಂಗಸರು ಈ ಸಲ ಬಾಯಿಬಿಟ್ಟೇ ನಕ್ಕರು.

"ಏನಂದ್ರು ಸಾರ್?" ನಮ್ಮಲ್ಲೊಬ್ಬ ಕೇಳಿದ.

ಮೇಷ್ಟ್ರು ಏನು ಬೇಕಾದರೂ ಹೇಳಬಹುದಿತ್ತು. ನಮಗೆಲ್ಲಿ ತಿಳಿಯುತ್ತಿತ್ತು?

"ಈ ಮನುಷ್ಯಾನ ಕಡೆ ಇಂಗ್ಲಿಷ್ ಕಲಿಯೋದಕ್ಕಿಂತ ನೀವು ಕುರಿ ಕಾಯೋದು ವಾಸಿ, ಅಂತಾರ," ಎಂದರು. "ಗೋರಿಗೆ ಟೂಮ್ ಅನ್ನಬೇಕಂತ. ನಾ ಟೊಂಬ್ ಅಂದೆ. ಅದಕ್ಕ ನಗ್ತಾರ."

ನಾವೂ ನಕ್ಕೆವು. ಮೇಷ್ಟ್ರು ನಮ್ಮ ನಗು ಮುಗಿಯುವವರೆಗೆ ಕಾದು, ಗೋರಿಯ ಕತೆಯನ್ನು ಕೊನೆಯ ಮಾತಿನವರೆಗೂ ತಿರುಗಿಸಿ ಹೇಳಿದರು.

ಹೊರಗೆ ಬಂದು ಮರಳಿನ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಹುಟ್ಟಿದ ಮೇಲೆ ಸಮುದ್ರ ನೋಡಿರದ ನಾವು ಅದಕ್ಕೆ ಬೆನ್ನು ಮಾಡಿ ನಿಂತಿದ್ದೆವು. ಊರಿಂದ ತಂದಿದ್ದ ಬೆತ್ತವನ್ನು ಅವರು ಅಡಿಗೆಯಾಳಿನ ಮಗನಿಗೆ ಕೊಟ್ಟು ಬಲಗೈ ಚಾಚಿದರು.

"ಬ್ಯಾಡ್ರಿ ಸಾರ್..."

"ಹೊಡಿಯಲೇ. ನಾ ಹೊಡದಂಗ ಹೊಡಿ."

ಅವನು ಮೆಲ್ಲಗೆ ಮುಟ್ಟಿಸಿದ.

"ಇಷ್ಟೇ ಏನು ನಾ ಹೊಡದಿದ್ದು?"

ಆಮೇಲೆ ಅವನು ನಿಜವಾಗಿಯೇ ಹೊಡೆಯತೊಡಗಿದ. ಅಳುತ್ತ, ತುಟಿ ಕಚ್ಚಿ, ತಡೆಯಲಾರದೆ ಹೊಡೆದ. ಸಾಲಿನಲ್ಲಿ ಯಾರೋ "ಇನ್ನೊಂದು ಹಾಕಲೇ" ಎಂದರು. ಮೇಷ್ಟ್ರು ಕೈ ಮಡಚಲಿಲ್ಲ. ಬೆತ್ತ ಮುರಿದ ಮೇಲೆ ಆ ಕೈಯನ್ನು ಕೋಟಿನ ಜೇಬಿಗೆ ಇಳಿಸಿ, "ಈಗ ಸಮುದ್ರ ನೋಡ್ರಿ," ಎಂದರು.

ನಾವು ಊರು ಮುಟ್ಟಿದ ದಿನವೇ ಸುದ್ದಿ ಹರಡಿತು. ಹೆಡ್ ಮಾಸ್ಟರು ನಮ್ಮ ತರಗತಿಯನ್ನು ಹೊಸದಾಗಿ ಬಂದ ಬಿ.ಎ. ಪಾಸಾದವರಿಗೆ ಒಪ್ಪಿಸಿ, ನಮ್ಮ ಮೇಷ್ಟ್ರನ್ನು ಅಕ್ಷರ ತಿದ್ದುವ ಮಕ್ಕಳ ಜೊತೆ ಕೂರಿಸಿದರು. ಗೋಡೆಯಾಚೆಯಿಂದ ಹುಡುಗರು "ಟೊಂಬ್!" ಎಂದು ಕೂಗಿ ಓಡುತ್ತಿದ್ದರು. ಆಮೇಲೆ ಮೇಷ್ಟ್ರು ಸಾಧುವಾಗಿಬಿಟ್ಟರು ಎಂದು ಹೇಳುವವರಿದ್ದಾರೆ, ಸುಳ್ಳು. ಬಲಗೈ ಬೆರಳು ಸರಿಯಾಗಿ ಮಡಚಲು ಬರದಂತಾಗಿ, ಎಡಗೈಯಲ್ಲಿ ಬೆತ್ತ ಹಿಡಿಯುವುದನ್ನು ಕಲಿತರು.

ಆದರೂ ನಾನು ಮದರಾಸಿನ ಕಾಲೇಜು ಸೇರಿದ್ದು ಅವರು ಕಲಿಸಿದ ಇಂಗ್ಲಿಷಿನಿಂದಲೇ. ಒಂದು ರಜೆಯಲ್ಲಿ ಅವರಿಗೆ ಕಾಯಿಲೆ ಎಂದು ಕೇಳಿ ಕಣೇಕಲ್ಲಿಗೆ ಹೋದೆ. ನುಲಿಮಂಚದ ಮೇಲೆ ಒಣಗಿದ ಕಟ್ಟಿಗೆಯಂತೆ ಮಲಗಿದ್ದರು.

"ನಿಮಗ ದೊರೆಗಳೇ ಪಾಠ ಹೇಳ್ತಾರೇನು?"

"ಹೌದ್ರಿ ಸಾರ್."

"ಅವರು ಹೆಂಗ ಮಾತಾಡ್ತಾರೋ ಹಂಗ ಮಾತಾಡು. ಕೇಳ್ತೀನಿ."

ಹಾಸ್ಟೆಲಿನ ಊಟ, ಟ್ರಾಮು, ಮಳೆ ಎಂದು ಬಾಯಿಗೆ ಬಂದದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಕಣ್ಣು ಮುಚ್ಚಿ ಕೇಳಿದರು.

"ಇಷ್ಟು ಮೆತ್ತಗ ಇರ್ತದೇನಲೇ ಅದು?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಿಲ್ಲಿಸಬ್ಯಾಡ."

ನಾನು ನಿಲ್ಲಿಸಲಿಲ್ಲ. ಅವರ ಹೆಂಡತಿ ಒಳಗಿನಿಂದ ಬಂದು, ಅವರ ಮೂಗಿನ ಹತ್ತಿರ ಕೈ ಹಿಡಿದು ನೋಡಿ, "ಸಾಕು ಬಿಡಪ್ಪಾ, ಹೋದ್ರು," ಅನ್ನುವವರೆಗೂ ಮಾತಾಡುತ್ತಲೇ ಇದ್ದೆ.