ಅಳಿಯ ಎದ್ದು ಹೋದ ಮೇಲೆ

ನಾನು ಕಚೇರಿ ಕೆಲಸದಿಂದ ನಿವೃತ್ತನಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಬಾಯಿ ಕ್ಯಾನ್ಸರ್ ಕುರಿತು ಸಂಶೋಧನೆ ನಡೆಸುತ್ತಿದ್ದ ಬೆಂಗಳೂರಿನ ವೈದ್ಯರ ತಂಡಕ್ಕೆ ನಮ್ಮ ಕಡೆಯ ಏರ್ಪಾಟು ನೋಡಿಕೊಳ್ಳಲು ಒಬ್ಬರು ಬೇಕಿತ್ತು, ಒಪ್ಪಿಕೊಂಡೆ. ಹೊಗೆಸೊಪ್ಪು ಜಗಿಯುವ ಕೆಲವರ ಬಾಯೊಳಗೆ ಬಿಳಿ ಮಚ್ಚೆ ಏಳುತ್ತದೆ. ಅದರಲ್ಲಿ ಯಾವುದು ಕ್ಯಾನ್ಸರ್ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಅವರ ಪ್ರಶ್ನೆ. ಅರಸೀಕೆರೆ ಸ್ಟೇಷನ್ನಿನಿಂದ ಅವರನ್ನು ಜೀಪಿನಲ್ಲಿ ಹಳ್ಳಿಗೆ ಕರೆದೊಯ್ಯುವುದು, ಶಾಲೆಯ ಕೊಠಡಿ ಗುಡಿಸಿಡುವುದು, ಬೆಂಚನ್ನು ಕಿಟಕಿಯ ಬೆಳಕಿಗೆ ಎಳೆಸುವುದು ನನ್ನ ಪಾಲು. ಹೇಳಿದ ಹೊತ್ತಿಗೆ ಎಲ್ಲ ಸಿದ್ಧವಿರಬೇಕು ಎನ್ನುವವನು ನಾನು.

ಗೆಂಡೆಹಳ್ಳಿ ಹತ್ತಿರದ ಒಂದು ಊರಿನಲ್ಲಿ ಹೆಸರು ಬರೆದುಕೊಳ್ಳಲು ಹಳೇಬೀಡಿನ ಮೇಷ್ಟರೊಬ್ಬರು ತಾವಾಗಿಯೇ ಬಂದರು. ಅದು ಅವರ ಹೆಂಡತಿಯ ಊರು. ಅತ್ತೆಯ ಕೆನ್ನೆಯೊಳಗಿನ ಹುಣ್ಣು ಮಾಯುತ್ತಲೇ ಇಲ್ಲ, ಆಸ್ಪತ್ರೆಗೆ ಕರೆದರೆ ಬರುವುದಿಲ್ಲ, ತಾನೇ ಇಲ್ಲಿ ಕೂತರೆ ಧೈರ್ಯವಾಗಿ ಬಂದಾರು ಎಂಬುದು ಅವರ ಆಸೆ. ನನಗೂ ಸರಿಯೆನಿಸಿ ಬಾಗಿಲ ಬಳಿಯೇ ಮೇಜು ಹಾಕಿಸಿದೆ.

ಗಂಡಸರು ಬಂದು ತೋರಿಸಿಕೊಂಡು ಹೋದರು. ಹೆಂಗಸರು ಮಾತ್ರ ಗೇಟಿನವರೆಗೆ ಬಂದು, ಸೆರಗು ಬಾಯಿಗೆ ಅಡ್ಡ ಹಿಡಿದು ಹಿಂತಿರುಗುತ್ತಿದ್ದರು. ಮೇಷ್ಟರ ಅತ್ತೆಯೂ ಹಾಗೆಯೇ ಹೋದರು. ತಂಡ ಸಂಜೆಯ ರೈಲಿಗೆ ಹೊರಡಬೇಕು. ಮತ್ತೆ ಬರುವುದು ಯಾವಾಗಲೋ. ನಾನೇ ಹೋಗಿ ಗೇಟಿನಲ್ಲಿದ್ದ ಮುದುಕಿಯೊಬ್ಬಳನ್ನು ಕಾರಣ ಕೇಳಿದೆ.

“ಊರಿನ ಅಳಿಯಂದ್ರನ್ನ ಬಾಗ್ಲಲ್ಲೇ ಕೂರ್ಸಿದ್ದೀರಲ್ಲ ಸಾಮಿ, ಅವ್ರ ಮುಂದೆ ಬಾಯಿ ತೆಗ್ದು ತೋರ್ಸಾಕಾಯ್ತದಾ? ನಮ್ದು ಹೋಗ್ಲಿ, ಅವ್ರತ್ತೆ ಸತ್ರೂ ಬರಾಕಿಲ್ಲ” ಎಂದಳು.

ಒಂದು ಮನೆಯ ಹೆಣ್ಣು ತಂದವನು ಆ ಊರಿನ ಹೆಂಗಸರಿಗೆಲ್ಲ ಅಳಿಯನೇ. ಮೇಷ್ಟರಿಗೆ ವಿಷಯ ತಿಳಿಸಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಹಳೇಬೀಡಿನಲ್ಲಿ ಕೆಲಸವಿದೆಯೆಂದು ಬೀದಿಗೆಲ್ಲ ಕೇಳುವಂತೆ ಹೇಳಿ ಸೈಕಲ್ ಹತ್ತಿದರು.

ಸೈಕಲ್ ತಿರುವು ದಾಟಿತೋ ಇಲ್ಲವೋ, ಹೆಂಗಸರು ಬರತೊಡಗಿದರು. ಊಟಕ್ಕೂ ಎಲೆಯಡಿಕೆಗೂ ಬಿಟ್ಟರೆ ಯಾರೆದುರೂ ತೆರೆಯದ ಬಾಯಿಗಳು ಒಂದರ ಹಿಂದೊಂದು ಕಿಟಕಿಯ ಬೆಳಕಿಗೆ ತೆರೆದುಕೊಂಡವು. ನಾನು ನಿಂತಲ್ಲೇ ನಿಂತಿದ್ದೆ. ಮಾಡಬೇಕಾದ ಕೆಲಸ ಮರೆತೇಹೋಗಿತ್ತು.

ಮೇಷ್ಟರ ಅತ್ತೆ ಕೊನೆಗೆ ಬಂದರು. ಕಣ್ಣು ಮುಚ್ಚಿ ಬಾಯಿ ತೆರೆದರು. ತಂಡದ ಡಾಕ್ಟರಮ್ಮ ಮರಗಟ್ಟಿಸುವ ಮದ್ದು ಚುಚ್ಚಿ, ಅಕ್ಕಿಕಾಳಿನಷ್ಟು ಚೂರು ತೆಗೆದು ಶೀಶೆಗೆ ಹಾಕಿದರು. ಆಕೆ ಎದ್ದು ನನ್ನ ಕಡೆ ತಿರುಗಿ, “ನಾನು ಬಂದಿದ್ದೆ ಅಂತ ಅಳಿಯಂದ್ರಿಗೆ ಹೇಳ್ಬೇಡಿ ಕಣಪ್ಪ” ಎಂದರು.

ಕೆಲವು ವಾರಗಳ ನಂತರ ಬೆಂಗಳೂರಿಗೆ ಹೋದಾಗ ಡಾಕ್ಟರಮ್ಮ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಆ ಅಕ್ಕಿಕಾಳಿನೊಳಗೆ ನಾಟಿ ಹಾಕಿದ ಗದ್ದೆಯೇ ಇತ್ತು. ಜೀವಕೋಶಗಳು ಸಾಲಿಗೆ ಸಾಲು, ಯಾರ ಅಪ್ಪಣೆಯೂ ಇಲ್ಲದ ಅಂಥ ಶಿಸ್ತನ್ನು ನಾನು ಯಾವ ಕಚೇರಿಯಲ್ಲೂ ಕಂಡಿರಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಸಾಲು ಕೆಟ್ಟು ನುಗ್ಗಾಡುತ್ತಿತ್ತು. ಅದಿನ್ನೂ ಕೆಳಗಿನ ಪದರಕ್ಕೆ ಇಳಿದಿಲ್ಲ, ಅಷ್ಟನ್ನು ತೆಗೆದರೆ ಸಾಕು ಎಂದರು. ಅತ್ತೆಯ ಮಗಳು, ಮೇಷ್ಟರ ಹೆಂಡತಿ, ಜೊತೆಗಿದ್ದು ಅದನ್ನು ತೆಗೆಸಿಕೊಂಡು ಹೋದಳು.

ಮರುವರ್ಷ ಬೇಲೂರು ಬಸ್ ನಿಲ್ದಾಣದಲ್ಲಿ ಮೇಷ್ಟರು ಸಿಕ್ಕರು. “ಅತ್ತೆ ಅವತ್ತು ಬಂದಿದ್ರಾ ಸಾರ್?” ಎಂದು ಕೇಳಿದರು. ನನಗೆ ನೆನಪಿಲ್ಲವೆಂದೆ. ಅವರು ನಕ್ಕು ಅತ್ತ ನೋಡಿದರು. ಅತ್ತೆ ಮಗಳ ಪಕ್ಕದಲ್ಲಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಬಸ್ಸಿಗೆ ಕಾಯುತ್ತಿದ್ದರು.