ಸೊಂಟದ ಗೆರೆಯೂ ಮಟ್ಟೆಯ ಹುಳವೂ

ಮೂರು ದಿನ ನಾನು ಹೊಲಿಗೆಯ ಟೇಪು ಹಿಡಿದು ಬೆಳಿಗ್ಗೆ ಸಂಜೆ ನನ್ನ ಸೊಂಟವನ್ನು ಅಳೆದುಕೊಂಡಿದ್ದೇನೆ. ಸಣ್ಣಗಾಗುವ ಆಸೆಯಿಂದಲ್ಲ, ಎರಡು ಗೆರೆಗಳ ನಡುವೆ ಇನ್ನೆಷ್ಟು ಜಾಗ ಉಳಿದಿದೆ ಎಂದು ನೋಡಲು. ಇದನ್ನು ಯಾರಿಗೂ ಹೇಳಬಾರದೆಂದಿದ್ದೆ. ಆದರೆ ಗಂಡಾಂತರ ಕಳೆದವನ ಬಾಯಿ ನಿಲ್ಲುವುದಿಲ್ಲ ನೋಡಿ.

ಗೆರೆಗಳು ಕಂದು ಬಣ್ಣದವು. ಹೊಕ್ಕುಳಿನ ಎಡಕ್ಕೊಂದು, ಬಲಕ್ಕೊಂದು. ಸ್ನಾನ ಮುಗಿಸಿ ಬರುವಾಗ ಅವನ್ನು ಮೊದಲು ಕಂಡವರು ನಮ್ಮ ದೊಡ್ಡಮ್ಮ.

"ಸರ್ಪಸುತ್ತು ಕಣ್ಲಾ. ತಲೆ ಬಾಲ ಕೂಡೋಕೆ ಮುಂಚೆ ರುದ್ರಯ್ಯನೋರತ್ರ ಹೋಗು," ಎಂದು ಹೇಳಿ ರಾಗಿ ಕೇರುವುದನ್ನು ಮುಂದುವರಿಸಿದರು.

ಸರ್ಪಸುತ್ತು ಸೊಂಟವನ್ನು ಸುತ್ತಿ ತಲೆಗೆ ಬಾಲ ಮುಟ್ಟಿದರೆ ಆಳು ಉಳಿಯುವುದಿಲ್ಲ ಎಂಬುದು ನಮ್ಮ ಅರಳಗುಪ್ಪೆ ಕಡೆ ಎಲ್ಲರಿಗೂ ಗೊತ್ತು. ಹಾಲ್ಕುರಿಕೆಯ ರುದ್ರಯ್ಯನವರು ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿ ಅದನ್ನು ತಡೆಯುತ್ತಾರೆ ಎಂಬುದು ಇನ್ನೂ ಚೆನ್ನಾಗಿ ಗೊತ್ತು.

ನನ್ನ ಪಾಡು ಕೇಳಿ. ಕಾಲೇಜಿನಲ್ಲಿ ನಾನು ಚರ್ಚಾಪಟು. ಕೆಮ್ಮಣ್ಣಿನ ವೈದ್ಯ ಬರೀ ಮೂಢನಂಬಿಕೆ ಎಂದು ಮೇಜು ಗುದ್ದಿ ವಾದಿಸಿ ಗೆದ್ದ ಬೆಳ್ಳಿಬಣ್ಣದ ಬಹುಮಾನದ ಕಪ್ಪು ದೊಡ್ಡಮ್ಮನ ಶೋಕೇಸಿನಲ್ಲಿದೆ. ಅವರು ಅದರಲ್ಲಿ ಸೇಫ್ಟಿ ಪಿನ್ನು ಹಾಕಿಡುತ್ತಾರೆ. ಅಂಥ ನಾನು ಸುಮ್ಮನಿರುತ್ತೇನೆಯೇ? ಅದು ವೈರಸ್ಸಿನ ಕಾಯಿಲೆ, ನರದ ದಾರಿ ಹಿಡಿದು ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ ಬರುತ್ತದೆ, ಅದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ ಎಂದು ಅರ್ಧ ಗಂಟೆ ವಾದಿಸಿದೆ. ದೊಡ್ಡಮ್ಮ "ಆಯ್ತು ಬುಡು" ಎಂದರು. ನಾನು ಗೆದ್ದೆ. ಗೆದ್ದವನೇ ಒಳಗೆ ಹೋಗಿ ಟೇಪು ಹುಡುಕಿದೆ.

ಡಾಕ್ಟರ ಬಳಿ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋದರೆ ಕಾಯಿಲೆ ಇದೆಯೆಂದು ಒಪ್ಪಿಕೊಂಡಂತಾಗುತ್ತಿತ್ತು. ಮೂರನೆಯ ಸಂಜೆ ಅಳತೆ ಅರ್ಧ ಅಂಗುಲ ಕಡಿಮೆ ಬಂತು. ಆ ಸಲ ಉಸಿರು ಒಳಗೆಳೆದುಕೊಂಡು ಅಳೆದಿದ್ದೆ ಎಂಬುದು ಆಮೇಲೆ ಹೊಳೆದದ್ದು. ಮರುದಿನ, ತಿಪಟೂರಿಗೆ ಜೆರಾಕ್ಸ್ ಮಾಡಿಸಲು ಹೋಗುತ್ತೇನೆಂದು ಹೇಳಿ ಬೈಕನ್ನು ಹಾಲ್ಕುರಿಕೆಗೆ ತಿರುಗಿಸಿದೆ. ಎದುರು ಪಕ್ಷವನ್ನು ಹತ್ತಿರದಿಂದ ಅಭ್ಯಾಸ ಮಾಡಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ರುದ್ರಯ್ಯನವರು ಜಗಲಿಯ ಮೇಲಿದ್ದರು. ಕನ್ನಡಕ ತರಿಸಿಕೊಂಡು ನೋಡಿದರು. ಗುಳ್ಳೆ ಎಲ್ಲಿ ಎಂದರು, ಇರಲಿಲ್ಲ. ಉರಿ, ಚಳುಕು? ಮೊದಲ ದಿನ ಸ್ವಲ್ಪ ಉರಿದಿತ್ತು, ಅಷ್ಟೆ. ಮಟ್ಟೆ ಹೊತ್ತಿದ್ದೆಯೇನಪ್ಪ ಎಂದರು. ಹೊತ್ತಿದ್ದೆ! ಹಿಂದಿನ ಭಾನುವಾರ ತೋಟದಲ್ಲಿ ಕೊಳೆತ ತೆಂಗಿನ ಮಟ್ಟೆಗಳನ್ನು ಬರಿಮೈಯಲ್ಲಿ ಸೊಂಟಕ್ಕೆ ಒತ್ತಿ ಹಿಡಿದು ಮರದ ಬುಡಗಳಿಗೆ ಹಾಕಿದ್ದೆ.

"ಇದು ಸರ್ಪಸುತ್ತಲ್ಲ ಕಣಪ್ಪ. ಮಟ್ಟೆಯೊಳಗಿನ ಸಾವಿರ ಕಾಲಿನ ಹುಳ ಮೈಗೆ ಸಿಕ್ಕಿ ಅರೆದುಹೋಗೈತೆ. ಅದರ ರಸದ ಕಲೆ. ತಾನೇ ಹೋಯ್ತದೆ."

ನನ್ನ ಎದೆಯಿಂದ ಒಂದು ಒರಳುಕಲ್ಲು ಇಳಿಯಿತು. ಆದರೂ ಪುರಾವೆಯಿಲ್ಲದೆ ನಂಬುವುದುಂಟೇ? ಅಲ್ಲೇ ಕುಳಿತು ಫೋನಿನಲ್ಲಿ ಹುಡುಕಿದೆ. ಆ ಹುಳ ಸಿಕ್ಕಿತು: ತುಕ್ಕಿನ ಕೆಂಪು, ಮುಟ್ಟಿದರೆ ಚಕ್ಕುಲಿಯಂತೆ ಸುರುಳಿ. ಅದರ ರಸ ಚರ್ಮವನ್ನು ಕಂದಾಗಿಸುವುದೂ ನಿಜ. ತವರು ಆಗ್ನೇಯ ಏಷ್ಯಾದ ಕಡೆಯಂತೆ. ಮನುಷ್ಯರು ಸಸಿ, ಕುಂಡ, ಮಣ್ಣು ಸಾಗಿಸುವಾಗ ಅದರಲ್ಲೇ ಕುಳಿತು ಸಮುದ್ರಗಳನ್ನು ದಾಟಿ ಎಲ್ಲೆಲ್ಲೋ ನೆಲೆಸಿದೆ. ಅಷ್ಟು ಕಾಲಿದ್ದೂ ಸ್ವಂತ ಕಾಲಿನಲ್ಲಿ ನಡೆಯದೆ ಲೋಕ ಸುತ್ತಿದ ಪ್ರಾಣಿ ಅದು. ಎಲ್ಲಿ ಇಳಿದರೂ ಕೊಳೆತದ್ದನ್ನು ತಿಂದು ಗೊಬ್ಬರ ಮಾಡಿಕೊಂಡು ತೆಪ್ಪಗಿರುತ್ತದೆ. ಯಾರೊಡನೆಯೂ ವಾದಕ್ಕೆ ನಿಲ್ಲುವುದಿಲ್ಲ, ಅರೆದರೆ ಮಾತ್ರ ಒಂದು ಗೆರೆ ಬರೆದು ಹೋಗುತ್ತದೆ.

ಎದ್ದು ಬರಬೇಕಿತ್ತು. ಆದರೆ ನನ್ನ ಬಾಯಿಂದ ಏನು ಬಂತೆಂದರೆ, "ಅಯ್ನೋರೆ, ಇಷ್ಟು ದೂರ ಬಂದಿದ್ದೀನಿ. ಯಾವುದಕ್ಕೂ ಇರಲಿ, ಒಂಚೂರು ಕೆಮ್ಮಣ್ಣು ಹಚ್ಚಿಬುಡಿ."

ರುದ್ರಯ್ಯನವರು ಕನ್ನಡಕ ತೆಗೆದು ಮಡಚಿದರು. "ಇಲ್ಲದ ಕಾಯ್ಲೆಗೆ ಮಣ್ಣು ಹಚ್ಚಿದ್ರೆ ಅದು ಮೂಢನಂಬಿಕೆ ಆಯ್ತದೆ ಕಣಪ್ಪ."

ಮೇಜು ಗುದ್ದದೆ ಹೇಳಿದರು.

ಮನೆಗೆ ಬಂದಾಗ ದೊಡ್ಡಮ್ಮ ಜೆರಾಕ್ಸ್ ಕೇಳಲಿಲ್ಲ, "ರುದ್ರಯ್ಯನೋರು ಏನಂದ್ರು?" ಎಂದರು. ಈಗ ಕಲೆ ಮಾಸಿದೆ, ಟೇಪು ಹೊಲಿಗೆ ಡಬ್ಬಿಗೆ ಹಿಂತಿರುಗಿದೆ. ಚರ್ಚೆಯಲ್ಲಿ ಗೆದ್ದ ಆ ಕಪ್ಪನ್ನು ಮಾತ್ರ ಹಾಲ್ಕುರಿಕೆಗೆ ಹೋಗಿ ರುದ್ರಯ್ಯನವರಿಗೆ ಕೊಟ್ಟು ಬರಬೇಕೆಂದಿದ್ದೇನೆ. ಪಿನ್ನು ಎಲ್ಲಿಡಲಿ ಎಂದು ದೊಡ್ಡಮ್ಮ ವಾದ ಹೂಡಿದ್ದಾರೆ, ನಾನು ಖಾಲಿ ಡಬ್ಬಿ ಹುಡುಕುತ್ತಿದ್ದೇನೆ.